ಆಶ್ರಯದ ಅರ್ಜಿ ತಿರಸ್ಕೃತವಾದಾಗ: ನ್ಯಾಯಾಲಯ ಏನು ನೋಡುತ್ತದೆ, ಏನು ನೋಡುವುದಿಲ್ಲ?

ಒಂದು ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಸಕ್ರಿಸ್ತಿಯ ಬಾಗಿಲಲ್ಲಿ ಕಾದು ನಿಂತಿದ್ದರು. ಕೈಯಲ್ಲಿ ಮಗನು ಆಸ್ಟ್ರೇಲಿಯಾದಿಂದ ಕಳುಹಿಸಿದ್ದ ಪತ್ರದ ಪ್ರತಿ ಇತ್ತು. ಹುಡುಗ ವಿದ್ಯಾರ್ಥಿ ವೀಸಾದಲ್ಲಿ ಹೋದವನು. ಓದು ಅರ್ಧಕ್ಕೆ ನಿಂತಿತು. ಅಲ್ಲಿಯ ಒಬ್ಬ ದಲ್ಲಾಳಿ, "ಪ್ರೊಟೆಕ್ಷನ್ ವೀಸಾಕ್ಕೆ ಅರ್ಜಿ ಹಾಕು, ಕೆಲಸ ಮಾಡಿಕೊಂಡು ಇರಬಹುದು" ಎಂದು ಹೇಳಿ ಹಣ ಪಡೆದು ಅರ್ಜಿ ಹಾಕಿಸಿದ್ದ. ಇಲಾಖೆ ಅದನ್ನು ತಿರಸ್ಕರಿಸಿತು. ಟ್ರಿಬ್ಯೂನಲ್ ಕೂಡ ಅದೇ ಮಾತು ಹೇಳಿತು. ಈಗ "ಕೋರ್ಟಿಗೆ ಹೋಗೋಣ" ಎನ್ನುತ್ತಿದ್ದಾನಂತೆ ಅದೇ ದಲ್ಲಾಳಿ.

"ಫಾದರ್, ಇವನಿಗೆ ಊರಿನಲ್ಲಿ ಜೀವಭಯ ಇದೆ ಎಂದು ಎರಡು ಸಾಲು ಬರೆದುಕೊಡಿ. ಚರ್ಚಿನ ಸೀಲು ಇದ್ದರೆ ಕೋರ್ಟಿನವರು ವೀಸಾ ಕೊಡುತ್ತಾರಂತೆ" ಎಂದು ಆ ತಾಯಿ ಕೇಳಿದರು.

ಆ ಎರಡು ಸಾಲುಗಳನ್ನು ನಾನು ಬರೆಯಲಿಲ್ಲ. ಆದರೆ ಬರಿದೇ "ಇಲ್ಲ" ಎಂದು ಕಳುಹಿಸುವುದೂ ಸರಿಯಲ್ಲ. ಇಂಥ ಪತ್ರ ಕೇಳಿಕೊಂಡು ಬರುವವರು ಬೇರೆ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಆದುದರಿಂದ ಆಶ್ರಯದ ಅರ್ಜಿ ತಿರಸ್ಕೃತವಾದಾಗ ನ್ಯಾಯಾಲಯ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ನಮ್ಮ ಭಕ್ತಾದಿಗಳಿಗೂ ಗುರಿಕಾರರಿಗೂ ಸಮಾಜಸೇವಾ ಕಾರ್ಯಕರ್ತರಿಗೂ ತಿಳಿಯುವಂತೆ ಇಲ್ಲಿ ವಿವರಿಸುತ್ತೇನೆ.

ಶ್ರೀರಂಗಪಟ್ಟಣ ಮತ್ತು ಮೇಲುಕೋಟೆ

ಗಡಿಪಾರು, ಸೆರೆ, ಆಶ್ರಯ ಎಂಬ ಮಾತುಗಳು ಕರಾವಳಿಯ ಕಥೊಲಿಕರಿಗೆ ಹೊಸವಲ್ಲ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕೊನೆಗೆ, 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನ ಆಡಳಿತವು ನಮ್ಮ ಪೂರ್ವಜರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಬದುಕುಳಿದವರಿಗೆ ಊರಿಗೆ ಮರಳುವ ದಾರಿ ತೆರೆದದ್ದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ. ಆ ಹದಿನೈದು ವರ್ಷಗಳಲ್ಲಿ ಅವರಲ್ಲಿ ಒಬ್ಬರಿಗೂ "ನಾನು ಮಾಡಿದ ತಪ್ಪೇನು? ನನ್ನ ಮಾತನ್ನು ಕೇಳಿದಿರಾ?" ಎಂದು ಪ್ರಶ್ನಿಸಲು ಒಂದು ಸ್ಥಳ ಇರಲಿಲ್ಲ.

ಕೋಟೆ ಬಿದ್ದ ಮೇಲೆ ಅಲ್ಲಿಯ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಅಬ್ಬೆ ದುಬುವಾ. ಶ್ರೀರಂಗಪಟ್ಟಣದ ಗಂಜಾಮಿನ ಚರ್ಚ್ ಇಂದಿಗೂ ಅವರ ಹೆಸರನ್ನು ನೆನಪಿಸುತ್ತದೆ. ಈ ಧರ್ಮಗುರು 1792ರಲ್ಲಿ ಫ್ರಾನ್ಸ್ ಬಿಟ್ಟದ್ದೇ ಕ್ರಾಂತಿಯ ಹಿಂಸೆಯಿಂದ ತಪ್ಪಿಸಿಕೊಳ್ಳಲು. ತಾಯ್ನಾಡು ಬಿಟ್ಟು ಓಡಿಬಂದವರು ಇಲ್ಲಿ ನೆಲೆ ತಪ್ಪಿದವರಿಗೆ ಆಸರೆಯಾದರು.

ಶ್ರೀರಂಗಪಟ್ಟಣದ ಪಕ್ಕದ ಪಾಂಡವಪುರ ತಾಲ್ಲೂಕಿನಲ್ಲಿ ಮೇಲುಕೋಟೆ ಇದೆ. ಚೋಳ ಅರಸನ ಕಿರುಕುಳಕ್ಕೆ ಸಿಕ್ಕಿ ತಮಿಳುನಾಡನ್ನು ಬಿಟ್ಟುಬಂದ ರಾಮಾನುಜಾಚಾರ್ಯರಿಗೆ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ನಾಡಿನಲ್ಲಿ ಆಶ್ರಯ ಸಿಕ್ಕಿತು ಎಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ತೊಣ್ಣೂರು, ಮೇಲುಕೋಟೆಗಳು ಅವರು ನೆಲೆಸಿದ ತಾಣಗಳು. ಹೀಗೆ ಮಂಡ್ಯ ಜಿಲ್ಲೆಯ ನೆರೆಹೊರೆಯ ಎರಡು ತಾಲ್ಲೂಕುಗಳಲ್ಲಿ ಸೆರೆಯ ನೆನಪೂ ಇದೆ, ಆಶ್ರಯದ ನೆನಪೂ ಇದೆ. ಎರಡನ್ನೂ ಕೊಟ್ಟವರು ಅರಸರು. ಅರಸನ ಮನಸ್ಸು ಒಳ್ಳೆಯದಿದ್ದರೆ ಆಶ್ರಯ, ಇಲ್ಲದಿದ್ದರೆ ಸೆರೆ. ಆತನ ತೀರ್ಮಾನವನ್ನು ಪರಿಶೀಲಿಸುವವರು ಯಾರೂ ಇರಲಿಲ್ಲ. ಆ ಪರಿಶೀಲನೆಗೆ ಇಂದು ಒಂದು ದಾರಿ ಇದೆ. ಅದಕ್ಕೆ ನ್ಯಾಯಿಕ ಪುನರ್ವಿಮರ್ಶೆ ಎಂದು ಹೆಸರು. ವಕೀಲರು ಜುಡಿಶಿಯಲ್ ರಿವ್ಯೂ ಎನ್ನುವುದು ಇದನ್ನೇ.

ಪ್ರೊಟೆಕ್ಷನ್ ವೀಸಾ ಎಂದರೇನು?

1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆ ಮತ್ತು ಅದಕ್ಕೆ ಸೇರಿದ 1967ರ ಪ್ರೋಟೋಕಾಲ್ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯ - ಈ ಐದರಲ್ಲಿ ಒಂದು ಕಾರಣಕ್ಕಾಗಿ ಕಿರುಕುಳಕ್ಕೆ ಗುರಿಯಾಗುವ ಆಧಾರಸಹಿತ ಭಯ ಇರುವವನು ನಿರಾಶ್ರಿತ. ಅಂಥವನನ್ನು ಅಪಾಯವಿರುವಲ್ಲಿಗೆ ಹಿಂದಕ್ಕೆ ಅಟ್ಟಬಾರದು ಎಂಬುದು ಆ ಒಡಂಬಡಿಕೆಯ ತಿರುಳು.

ಆಸ್ಟ್ರೇಲಿಯಾ ಈ ಒಡಂಬಡಿಕೆಗೆ ಸಹಿ ಹಾಕಿದ ದೇಶ. ಸರಿಯಾದ ವೀಸಾದಲ್ಲಿ ಅಲ್ಲಿಗೆ ಬಂದು ಅನಂತರ ಆಶ್ರಯ ಕೇಳುವವರಿಗಾಗಿ ಅಲ್ಲಿಯ ಕಾನೂನಿನಲ್ಲಿ 866ನೇ ಉಪವರ್ಗದ ಪ್ರೊಟೆಕ್ಷನ್ ವೀಸಾ ಇದೆ. ಬಡತನ, ನಿರುದ್ಯೋಗ, ಸಾಲ, ಮುಗಿದುಹೋದ ವಿದ್ಯಾರ್ಥಿ ವೀಸಾ - ಇವು ಯಾವುವೂ ಅದಕ್ಕೆ ಕಾರಣಗಳಲ್ಲ. ಅಲ್ಲದೆ, ಅಪಾಯ ತನ್ನ ಊರಿನಲ್ಲಿ ಮಾತ್ರವಲ್ಲ, ತನ್ನ ದೇಶದ ಎಲ್ಲ ಭಾಗಗಳಲ್ಲೂ ಇದೆ ಎಂದು ಅರ್ಜಿದಾರ ತೋರಿಸಬೇಕು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದದ್ದು ನಿಜ. ಆದರೆ ದಾಳಿ ನಡೆದ ಊರಿನವನು ಎಂಬ ಒಂದೇ ಕಾರಣಕ್ಕೆ ಯಾರಿಗೂ ಈ ವೀಸಾ ಸಿಗುವುದಿಲ್ಲ. ಆ ಭಯ ಅವನದೇ ಆಗಿರಬೇಕು, ಇಂದಿನದಾಗಿರಬೇಕು.

ಮೂರು ಮೆಟ್ಟಿಲುಗಳು

ಮೊದಲನೆಯ ಮೆಟ್ಟಿಲು ಇಲಾಖೆ. ಅಧಿಕಾರಿಯೊಬ್ಬರು ಅರ್ಜಿಯನ್ನು ಓದಿ, ಅಗತ್ಯವೆನಿಸಿದರೆ ಅರ್ಜಿದಾರನನ್ನು ಸಂದರ್ಶಿಸಿ ತೀರ್ಮಾನಿಸುತ್ತಾರೆ.

ಎರಡನೆಯದು ಟ್ರಿಬ್ಯೂನಲ್. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 14ರಿಂದ ಇದರ ಹೆಸರು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್. ಇಲ್ಲಿ ಇಡೀ ವಿಷಯವನ್ನು ಮತ್ತೊಮ್ಮೆ ಹೊಸದಾಗಿ ಪರಿಶೀಲಿಸುತ್ತಾರೆ. ಹೊಸ ಸಾಕ್ಷಿ, ಹೊಸ ದಾಖಲೆ ಕೊಡಬಹುದು. ಬಂಧನದಲ್ಲಿ ಇಲ್ಲದವರಿಗೆ, ತಿರಸ್ಕಾರದ ತಿಳಿವಳಿಕೆ ಮುಟ್ಟಿದ ಮೇಲೆ 28 ದಿನಗಳ ಅವಧಿ. ಬಂಧನದಲ್ಲಿರುವವರಿಗೆ ಅದಕ್ಕಿಂತ ಕಡಿಮೆ. ಅವಧಿ ದಾಟಿದ ಅರ್ಜಿಯನ್ನು ತೆಗೆದುಕೊಳ್ಳುವ ಅಧಿಕಾರ ಟ್ರಿಬ್ಯೂನಲಿಗೆ ಇಲ್ಲ.

ಮೂರನೆಯದು ನ್ಯಾಯಾಲಯ. ಅಲ್ಲಿ ಅದು ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟಿನ ಎರಡನೇ ವಿಭಾಗ. ಟ್ರಿಬ್ಯೂನಲಿನ ತೀರ್ಮಾನದ ದಿನಾಂಕದಿಂದ 35 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ತಡವಾದರೆ, ಕಾರಣ ಬರೆದು ಕೇಳಿಕೊಂಡಲ್ಲಿ ಅವಧಿ ವಿಸ್ತರಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ, ಆದರೆ ವಿಸ್ತರಿಸಿಯೇ ತೀರಬೇಕೆಂಬ ಕಡ್ಡಾಯವಿಲ್ಲ.

ಬೇರೆ ದೇಶಗಳಲ್ಲಿ ದಿನಗಳ ಲೆಕ್ಕ ಬೇರೆ. ಕೆನಡಾದಲ್ಲಿ, ಆ ದೇಶದೊಳಗೆ ಆದ ತೀರ್ಮಾನವನ್ನು ಪ್ರಶ್ನಿಸಲು ಫೆಡರಲ್ ಕೋರ್ಟಿನ ಅನುಮತಿಯನ್ನು 15 ದಿನಗಳೊಳಗೆ ಕೇಳಬೇಕು. ಆದುದರಿಂದ ಪತ್ರ ಬಂದ ದಿನವೇ ಅದರ ಮೇಲಿನ ದಿನಾಂಕವನ್ನೂ ಕೈಗೆ ಮುಟ್ಟಿದ ದಿನವನ್ನೂ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ.

ನ್ಯಾಯಾಲಯ ಏನು ನೋಡುತ್ತದೆ?

ನಮ್ಮ ಜನರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. "ಇವನಿಗೆ ಆಶ್ರಯ ಕೊಡಬೇಕೇ?" ಎಂಬುದು ನ್ಯಾಯಾಲಯದ ಪ್ರಶ್ನೆಯಲ್ಲ. "ಕೊಡುವುದಿಲ್ಲ ಎಂದವರು ಕಾನೂನು ಹೇಳಿದ ರೀತಿಯಲ್ಲಿ ಕೇಳಿ, ಯೋಚಿಸಿ ಹೇಳಿದರೇ?" ಎಂಬುದು ಅದರ ಪ್ರಶ್ನೆ.

ತೀರ್ಮಾನ ಮಾಡಿದವರು ಕಾನೂನನ್ನು ತಪ್ಪಾಗಿ ಓದಿದರೇ? ಅರ್ಜಿದಾರ ಹೇಳಿದ ಮುಖ್ಯ ಕಾರಣವೊಂದನ್ನು ನೋಡದೆ ಬಿಟ್ಟರೇ? ಅವನಿಗೆ ವಿರುದ್ಧವಾಗಿದ್ದ ಮಾಹಿತಿಯನ್ನು ಅವನಿಗೆ ತಿಳಿಸಿ ಉತ್ತರಿಸಲು ಅವಕಾಶ ಕೊಟ್ಟರೇ? ಪೂರ್ವಗ್ರಹ ಇತ್ತೇ? ವಿವೇಕವುಳ್ಳ ಯಾರೂ ಮಾಡದಂಥ ತೀರ್ಮಾನವೇ? ಇವುಗಳಲ್ಲಿ ಗಂಭೀರವಾದ ದೋಷ ಕಂಡರೆ ನ್ಯಾಯಾಲಯ ಆ ತೀರ್ಮಾನವನ್ನು ರದ್ದುಗೊಳಿಸುತ್ತದೆ. ಆದರೂ ವೀಸಾ ಕೊಡುವುದಿಲ್ಲ. ಕಡತ ಮತ್ತೆ ಟ್ರಿಬ್ಯೂನಲಿಗೆ ಹೋಗುತ್ತದೆ, ಅಲ್ಲಿ ಹೊಸದಾಗಿ ವಿಚಾರಣೆ ನಡೆಯುತ್ತದೆ. ಎರಡನೇ ಸಲವೂ "ಇಲ್ಲ" ಎಂದೇ ಬರಬಹುದು.

ಇನ್ನೊಂದು ಮಾತು. ಅರ್ಜಿದಾರನಿಗೆ ನಿಜವಾಗಿ ಅಪಾಯವಿದೆಯೇ ಎಂಬುದಕ್ಕೆ ಹೊಸ ಸಾಕ್ಷಿಯನ್ನು ನ್ಯಾಯಾಲಯ ತೂಗುವುದಿಲ್ಲ. ಧರ್ಮಕೇಂದ್ರದ ಪತ್ರಕ್ಕೆ ಬೆಲೆ ಇರುವುದು ಮೊದಲ ಎರಡು ಮೆಟ್ಟಿಲುಗಳಲ್ಲಿ. ಮೂರನೆಯದರಲ್ಲಿ ಎಷ್ಟು ದೊಡ್ಡ ಸೀಲು ಒತ್ತಿದರೂ ಪ್ರಯೋಜನವಿಲ್ಲ. ಆ ತಾಯಿಗೆ ನಾನು ಮೊದಲು ಹೇಳಬೇಕಾಗಿ ಬಂದದ್ದು ಇದನ್ನೇ.

ಹಾಗಾದರೆ ಇಷ್ಟು ಕಿರಿದಾದ ಬಾಗಿಲು ಯಾಕೆ ಬೇಕು ಎಂದು ಕೇಳಬಹುದು. ಆಸ್ಟ್ರೇಲಿಯಾದ ಸಂಸತ್ತೇ 2001ರಲ್ಲಿ ಇದನ್ನು ಬಹುಮಟ್ಟಿಗೆ ಮುಚ್ಚಲು ಯತ್ನಿಸಿತ್ತು. ವಲಸೆ ಇಲಾಖೆಯ ತೀರ್ಮಾನಗಳು ಅಂತಿಮ, ಅವುಗಳನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂಬ ಅರ್ಥದ ಕಲಮನ್ನು ಕಾಯ್ದೆಗೆ ಸೇರಿಸಿತು. 2003ರ ಫೆಬ್ರವರಿಯಲ್ಲಿ ಅಲ್ಲಿಯ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಒಬ್ಬ ಆಶ್ರಯಾರ್ಥಿಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಅಧಿಕಾರದ ಮೇರೆ ಮೀರಿ ಮಾಡಿದ ತೀರ್ಮಾನವನ್ನು ಆ ಕಾಯ್ದೆಯ ಅಡಿಯಲ್ಲಿ ಮಾಡಿದ ತೀರ್ಮಾನ ಎನ್ನಲಾಗದು, ಆದ್ದರಿಂದ ಆ ಕಲಮಿನ ರಕ್ಷಣೆ ಅದಕ್ಕೆ ಇಲ್ಲ ಎಂದಿತು. ಪ್ಲೇಂಟಿಫ್ ಎಸ್157 ಎಂದು ಈ ತೀರ್ಪು ಪ್ರಸಿದ್ಧ. ಆಶ್ರಯಾರ್ಥಿಗಳ ಹೆಸರು ಬಹಿರಂಗವಾದರೆ ಅಪಾಯವೆಂದು ಅಲ್ಲಿ ಹೀಗೆ ಅಕ್ಷರ ಮತ್ತು ಸಂಖ್ಯೆಯಿಂದ ಕರೆಯುತ್ತಾರೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಪೌಲರ ಪ್ರಕರಣವನ್ನು ನಾವು ಓದಿದ್ದೇವೆ. ಆಪಾದಿತನಿಗೆ ಉತ್ತರಿಸಲು ಅವಕಾಶ ಕೊಡದೆ ಅವನನ್ನು ಒಪ್ಪಿಸುವುದು ರೋಮನರ ಪದ್ಧತಿಯಲ್ಲ ಎಂದು ರಾಜ್ಯಪಾಲ ಫೆಸ್ತನು ಹೇಳುತ್ತಾನೆ. ಫೆಸ್ತನು ಪೌಲರ ಮಿತ್ರನಲ್ಲ, ವಿಶ್ವಾಸಿಯೂ ಅಲ್ಲ. ಆದರೂ ಈ ಒಂದು ನಿಯಮ ಅವನನ್ನು ಕಟ್ಟಿಹಾಕಿತು. ಪುನರ್ವಿಮರ್ಶೆಯ ಹಿಂದಿರುವ ಯೋಚನೆಯೂ ಇದೇ.

ನಮ್ಮ ದೇಶದಲ್ಲಿ ಹೇಗೆ?

ಭಾರತವು 1951ರ ಒಡಂಬಡಿಕೆಗಾಗಲಿ 1967ರ ಪ್ರೋಟೋಕಾಲಿಗಾಗಲಿ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾಯ್ದೆ ನಮ್ಮಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಟಿಬೆಟಿನವರನ್ನೂ ಶ್ರೀಲಂಕಾದ ತಮಿಳರನ್ನೂ ಸರ್ಕಾರ ನೇರವಾಗಿ ನೋಡಿಕೊಳ್ಳುತ್ತದೆ. ಮ್ಯಾನ್ಮಾರ್, ಅಫ್ಘಾನಿಸ್ತಾನ ಮುಂತಾದ ಕಡೆಗಳಿಂದ ಬಂದವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್‌ನ ದೆಹಲಿ ಕಚೇರಿಗೆ ಹೋಗಬೇಕಾಗುತ್ತದೆ.

ನಮ್ಮಲ್ಲಿ ಪ್ರೊಟೆಕ್ಷನ್ ವೀಸಾಕ್ಕೆ ಅತಿ ಹತ್ತಿರದ್ದು ದೀರ್ಘಾವಧಿ ವೀಸಾ. ನಿರಾಶ್ರಿತರೆಂದು ಹೇಳಿಕೊಳ್ಳುವ ವಿದೇಶಿಯರ ಪ್ರಕರಣಗಳನ್ನು ಹೇಗೆ ನೋಡಬೇಕೆಂದು ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್ 29ರಂದು ಕಾರ್ಯವಿಧಾನ ಹೊರಡಿಸಿತು. ಧರ್ಮ, ಜನಾಂಗ, ಲಿಂಗ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಗಳಿಂದ ಕಿರುಕುಳದ ಭಯವಿದೆ ಎಂದು ಮೇಲ್ನೋಟಕ್ಕೆ ಕಂಡರೆ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಬಹುದೆಂದು ಅದರಲ್ಲಿ ಹೇಳಿತ್ತು. ಆದರೆ ತಿರಸ್ಕೃತರಾದವರಿಗೆ ಆಸ್ಟ್ರೇಲಿಯಾದಲ್ಲಿರುವಂಥ ಎರಡನೆಯ ಮೆಟ್ಟಿಲು, ಟ್ರಿಬ್ಯೂನಲ್, ನಮ್ಮಲ್ಲಿಲ್ಲ. ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಮಂಡ್ಯದಲ್ಲಿರುವವರಿಗೂ ಮಂಗಳೂರಿನಲ್ಲಿರುವವರಿಗೂ ಅದು ಬೆಂಗಳೂರಿನ ಪ್ರಧಾನ ಪೀಠ.

ವಿದೇಶಿಯೊಬ್ಬ ನಮ್ಮ ಹೈಕೋರ್ಟಿಗೆ ಹೋಗಬಹುದೇ? ಹೋಗಬಹುದು. ಸಂವಿಧಾನದ 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ. ಆದರೆ ಸಮಾನತೆಯ 14ನೇ ವಿಧಿ ಮತ್ತು ಜೀವ ಹಾಗೂ ಸ್ವಾತಂತ್ರ್ಯದ 21ನೇ ವಿಧಿ "ವ್ಯಕ್ತಿ" ಎನ್ನುತ್ತವೆ, "ನಾಗರಿಕ" ಎನ್ನುವುದಿಲ್ಲ.

ಬಾಗಿಲು ತೆರೆದ ತೀರ್ಪುಗಳು

ಅರುಣಾಚಲ ಪ್ರದೇಶದ ಚಕ್ಮಾ ಜನರನ್ನು ಊರು ಬಿಟ್ಟು ಹೋಗುವಂತೆ ಅಲ್ಲಿಯ ಸಂಘಟನೆಯೊಂದು ಬೆದರಿಸಿತ್ತು. ಅವರ ಪೌರತ್ವದ ಅರ್ಜಿಗಳನ್ನು ಸ್ಥಳೀಯ ಅಧಿಕಾರಿಗಳು ಕೇಂದ್ರಕ್ಕೆ ಕಳುಹಿಸಿರಲಿಲ್ಲ. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ನಾಗರಿಕನಿರಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡುವುದು ರಾಜ್ಯದ ಹೊಣೆ ಎಂದಿತು. ಗಮನಿಸಿ: ನ್ಯಾಯಾಲಯ ತಾನೇ ಪೌರತ್ವ ಕೊಡಲಿಲ್ಲ. ಅರ್ಜಿಗಳನ್ನು ಮೇಲಕ್ಕೆ ಕಳುಹಿಸಿ, ತೀರ್ಮಾನ ಆಗುವ ತನಕ ಅವರನ್ನು ಹೊರದಬ್ಬಬೇಡಿ ಎಂದಿತು.

2015ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಮ್ಯಾನ್ಮಾರ್‌ನಿಂದ ಬಂದಿದ್ದ ನಿರಾಶ್ರಿತರಿಬ್ಬರನ್ನು ಗಡಿಪಾರು ಮಾಡುವ ಮೊದಲು ಅವರ ಮಾತನ್ನು ಕೇಳಬೇಕು, ಯುಎನ್‌ಎಚ್‌ಸಿಆರ್ ಜೊತೆಗೂ ಸಮಾಲೋಚಿಸಬೇಕು ಎಂದು ಆದೇಶಿಸಿತು. 2021ರ ಮೇ 3ರಂದು ಮಣಿಪುರ ಹೈಕೋರ್ಟ್, ಸೇನಾ ಕ್ರಾಂತಿಯ ನಂತರ ಮ್ಯಾನ್ಮಾರ್‌ನಿಂದ ಗಡಿ ದಾಟಿ ಬಂದ ಏಳು ಮಂದಿಗೆ ದೆಹಲಿಯ ಯುಎನ್‌ಎಚ್‌ಸಿಆರ್ ಕಚೇರಿಗೆ ಹೋಗಲು ಸುರಕ್ಷಿತ ದಾರಿ ಮಾಡಿಕೊಟ್ಟಿತು. ಅವರು ನಿರಾಶ್ರಿತರೇ ಅಲ್ಲವೇ ಎಂದು ನ್ಯಾಯಾಲಯ ತೀರ್ಮಾನಿಸಲಿಲ್ಲ. ತೀರ್ಮಾನಿಸುವವರ ಬಾಗಿಲಿಗೆ ತಲುಪಿಸಿತು.

ನಮ್ಮ ರಾಜ್ಯದ ಉದಾಹರಣೆ ಟಿಬೆಟಿನವರದು. ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರಿಗೆ ಜಮೀನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ವಸತಿಗಳು ಎದ್ದವು. ಇಲ್ಲಿಯೇ ಹುಟ್ಟಿದ ಮಕ್ಕಳೂ ನೋಂದಣಿ ಪತ್ರ ಹಿಡಿದು ವಿದೇಶಿಯರಾಗಿಯೇ ಉಳಿದರು. ಟಿಬೆಟಿನ ಬೌದ್ಧ ಗುರುಗಳಲ್ಲಿ ಒಬ್ಬರಾದ ಲಿಂಗ್ ರಿಂಪೋಚೆಯವರು ಭಾರತೀಯ ಪಾಸ್‌ಪೋರ್ಟ್ ಸಿಗದೆ ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ನಾಗರಿಕರು, ಸರ್ಕಾರದ ಆಂತರಿಕ ಸೂಚನೆ ಕಾಯ್ದೆಯನ್ನು ಮೀರಲಾರದು ಎಂದು 2013ರಲ್ಲಿ ಹೈಕೋರ್ಟ್ ತೀರ್ಪು ನೀಡಿತು. ಇದು ವೀಸಾದ ಪ್ರಕರಣವಲ್ಲ, ಪಾಸ್‌ಪೋರ್ಟಿನದು. ಆದರೆ "ಇಲ್ಲ" ಎಂದ ಅಧಿಕಾರಿಯನ್ನು "ಯಾವ ಕಾನೂನಿನ ಪ್ರಕಾರ?" ಎಂದು ಕೇಳುವ ಕ್ರಮ ಒಂದೇ.

ಬಾಗಿಲು ತೆರೆಯದ ತೀರ್ಪುಗಳು

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತೆ. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಸುಪ್ರೀಂ ಕೋರ್ಟ್ 1955ರಲ್ಲಿ, ಜರ್ಮನಿಯ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿಯೇ ಹೇಳಿತ್ತು.

1991ರ ಲೂಯಿ ದ ರೇಟ್ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಅವರು ಬೆಲ್ಜಿಯಂ ಪ್ರಜೆ, 1937ರಲ್ಲಿ ಭಾರತಕ್ಕೆ ಬಂದ ಮಿಷನರಿ. 1987ರಲ್ಲಿ ದೇಶ ಬಿಟ್ಟು ಹೋಗುವಂತೆ ಅವರಿಗೂ ಇನ್ನಿಬ್ಬರು ಮಿಷನರಿಗಳಿಗೂ ಆದೇಶ ಬಂತು. ಅಷ್ಟು ವರ್ಷ ಇಲ್ಲಿ ದುಡಿದಿದ್ದರೂ ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ವಜಾ ಮಾಡಿತು. ವಿದೇಶಿಯರಿಗೂ 21ನೇ ವಿಧಿಯ ರಕ್ಷಣೆ ಇದೆ, ಆದರೆ ಅದರಲ್ಲಿ ಭಾರತದಲ್ಲಿ ನೆಲೆಸುವ ಹಕ್ಕು ಸೇರಿಲ್ಲ ಎಂದಿತು. 2021ರ ಏಪ್ರಿಲ್ 8ರಂದು ಜಮ್ಮುವಿನಲ್ಲಿ ಬಂಧಿತರಾಗಿದ್ದ ರೋಹಿಂಗ್ಯಾ ಜನರ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟ್ ಮಧ್ಯಂತರ ಪರಿಹಾರ ಕೊಡಲಿಲ್ಲ. ನಿಗದಿತ ವಿಧಾನವನ್ನು ಅನುಸರಿಸದೆ ಗಡಿಪಾರು ಮಾಡಬಾರದು ಎಂದಷ್ಟೇ ಹೇಳಿತು.

ನಿರಾಶ್ರಿತರ ಕಾಯ್ದೆ ಇಲ್ಲದ ಕಡೆ ನ್ಯಾಯಾಧೀಶರ ಕೈಯಲ್ಲಿರುವ ಅಳತೆಗೋಲು ಚಿಕ್ಕದು. ಅಧಿಕಾರಿ ಏನನ್ನು ಪಾಲಿಸಬೇಕಿತ್ತು ಎಂದು ಕಾಯ್ದೆಯೇ ಹೇಳದಿದ್ದರೆ, ಪಾಲಿಸಲಿಲ್ಲ ಎಂದು ತೋರಿಸುವುದು ಕಷ್ಟ. ನಮ್ಮಲ್ಲಿ ಒಂದು ಹೈಕೋರ್ಟಿನ ತೀರ್ಪಿಗೂ ಇನ್ನೊಂದು ನ್ಯಾಯಾಲಯದ ತೀರ್ಪಿಗೂ ಇಷ್ಟು ಅಂತರ ಇರುವುದಕ್ಕೆ ಇದೂ ಒಂದು ಕಾರಣ.

ದಲ್ಲಾಳಿಗಳ ಬಗ್ಗೆ ಎಚ್ಚರ

2021ರ ಜೂನ್ ತಿಂಗಳಲ್ಲಿ ಮಂಗಳೂರು ಪೊಲೀಸರು ಶ್ರೀಲಂಕಾದ 38 ಮಂದಿಯನ್ನು ವಶಕ್ಕೆ ಪಡೆದದ್ದು ಹಲವರಿಗೆ ನೆನಪಿರಬಹುದು. ಕೆನಡಾಕ್ಕೆ ಕರೆದೊಯ್ಯುವ ಮಾತು ಕೊಟ್ಟು ಅವರನ್ನು ದೋಣಿಯಲ್ಲಿ ತಮಿಳುನಾಡಿಗೆ ತಂದು, ಅಲ್ಲಿಂದ ಬೆಂಗಳೂರಿನ ಮೂಲಕ ಮಂಗಳೂರಿಗೆ ಸಾಗಿಸಲಾಗಿತ್ತು. ಹಣ ತೆಗೆದುಕೊಂಡವರು ಬೇರೆ, ಬಂಧನಕ್ಕೆ ಸಿಕ್ಕವರು ಬೇರೆ.

ಆಸ್ಟ್ರೇಲಿಯಾದಲ್ಲಿ ನಮ್ಮ ಹುಡುಗರ ಮೂಲಕ ನಡೆಯುವ ವ್ಯಾಪಾರವೂ ಇದೇ ಜಾತಿಯದು. ಅರ್ಜಿ ತೀರ್ಮಾನವಾಗುವ ತನಕ ತಾತ್ಕಾಲಿಕ ವೀಸಾದಲ್ಲಿ ಅಲ್ಲಿ ಇರಬಹುದು ಎಂಬುದೇ ದಲ್ಲಾಳಿಯ ಬಂಡವಾಳ. ಅವನು ಹೇಳದೆ ಬಿಡುವ ಸಂಗತಿಗಳು ಹಲವು. ಒಮ್ಮೆ ತಿರಸ್ಕೃತನಾದವನು ಆಸ್ಟ್ರೇಲಿಯಾದೊಳಗಿದ್ದುಕೊಂಡು ಮತ್ತೆ ಪ್ರೊಟೆಕ್ಷನ್ ವೀಸಾ ಕೇಳಬೇಕಾದರೆ ಮಂತ್ರಿಯ ಅನುಮತಿ ಬೇಕು. ಬೇರೆ ಹಲವು ವೀಸಾಗಳ ದಾರಿಯೂ ಅಲ್ಲಿಂದಲೇ ಮುಚ್ಚುತ್ತದೆ. ನ್ಯಾಯಾಲಯದಲ್ಲಿ ಸೋತರೆ ಎದುರು ಪಕ್ಷದ, ಅಂದರೆ ಸರ್ಕಾರದ, ಖರ್ಚನ್ನೂ ಭರಿಸಬೇಕಾಗಬಹುದು. ವಲಸೆ ಏಜೆಂಟರು ನೋಂದಾಯಿತರೇ ಆಗಿದ್ದರೂ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ, ಅದಕ್ಕೆ ವಕೀಲರೇ ಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಸುಳ್ಳು ಅರ್ಜಿಯೊಂದು ನಿಜವಾದ ಅರ್ಜಿಯ ಸಾಲಿನಲ್ಲಿ ನಿಲ್ಲುತ್ತದೆ. ವಿಶ್ವಾಸಕ್ಕಾಗಿ ಮನೆ ಮಠ ಕಳೆದುಕೊಂಡು ಬಂದವನು ಅದರ ಹಿಂದೆ ಕಾಯಬೇಕಾಗುತ್ತದೆ. ಒಂದೇ ಅಚ್ಚಿನ ಹತ್ತು ಸುಳ್ಳು ಕತೆಗಳನ್ನು ಓದಿದ ಅಧಿಕಾರಿ ಹನ್ನೊಂದನೆಯ ನಿಜ ಕತೆಯನ್ನು ನಂಬುವುದು ಕಷ್ಟ.

ಧರ್ಮಕೇಂದ್ರಗಳು ಏನು ಮಾಡಬಹುದು?

1. ಪತ್ರ ಕೊಡುವಾಗ ನಮಗೆ ಗೊತ್ತಿರುವುದನ್ನು ಮಾತ್ರ ಬರೆಯೋಣ. ದೀಕ್ಷಾಸ್ನಾನದ ದಾಖಲೆ, ಎಷ್ಟು ವರ್ಷದಿಂದ ಪರಿಚಯ, ಕಣ್ಣಾರೆ ಕಂಡ ಘಟನೆ ಮತ್ತು ಅದರ ದಿನಾಂಕ - ಇವನ್ನು ಬರೆಯಬಹುದು. ಕೇಳಿದ್ದನ್ನು ಕಂಡದ್ದೆಂದು ಬರೆಯಬಾರದು. ಪ್ರತಿಯೊಂದನ್ನು ಕಚೇರಿಯಲ್ಲಿ ಇಟ್ಟುಕೊಳ್ಳಬೇಕು.

2. ನಿಜವಾಗಿ ಅಪಾಯದಲ್ಲಿರುವವನಿಗೆ ಪತ್ರ ತಡಮಾಡದೆ ಕೊಡಬೇಕು. ಇಲಾಖೆ ಮತ್ತು ಟ್ರಿಬ್ಯೂನಲಿನ ಹಂತದಲ್ಲಿ ವಿವರವಾದ ಒಂದು ಪುಟ, ನ್ಯಾಯಾಲಯದ ಹಂತದಲ್ಲಿ ಬರುವ ಹತ್ತು ಪುಟಗಳಿಗಿಂತ ಹೆಚ್ಚು.

3. ವಿದೇಶದಲ್ಲಿರುವವರಿಗೆ ದಲ್ಲಾಳಿಯ ಬದಲು ನಂಬಿಕಸ್ಥ ಕಾನೂನು ನೆರವಿನ ವಿಳಾಸ ತಿಳಿಸೋಣ. ಸಿಡ್ನಿಯಲ್ಲಿ ರೆಫ್ಯೂಜಿ ಅಡ್ವೈಸ್ ಅಂಡ್ ಕೇಸ್‌ವರ್ಕ್ ಸರ್ವಿಸ್, ಮೆಲ್ಬರ್ನಿನಲ್ಲಿ ಅಸೈಲಮ್ ಸೀಕರ್ ರಿಸೋರ್ಸ್ ಸೆಂಟರ್ ಇಂಥ ಕೆಲಸ ಮಾಡುತ್ತವೆ.

4. ನಮ್ಮ ಊರಿಗೆ ಬಂದ ವಿದೇಶಿ ಆಶ್ರಯಾರ್ಥಿಗಳನ್ನು ಕಂಡರೆ ಬಚ್ಚಿಡುವುದೂ ಬೇಡ, ಅಟ್ಟುವುದೂ ಬೇಡ. ಕಾನ್ವೆಂಟು, ಹಾಸ್ಟೆಲು, ಧರ್ಮಗುರುಗಳ ನಿವಾಸ ಎಲ್ಲೇ ವಿದೇಶಿಯರು ತಂಗಿದರೂ 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸುವ ನಿಯಮವಿದೆ. ಇದನ್ನು ಮರೆತರೆ ಸಂಸ್ಥೆಗೂ ತೊಂದರೆ, ಆಶ್ರಯ ಪಡೆದವರಿಗೂ ತೊಂದರೆ.

5. ಮಹಿಳೆಯರು, ಮಕ್ಕಳು, ಮಾನವ ಸಾಗಣೆಗೆ ಬಲಿಯಾದವರು ಮತ್ತು ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ಕಾನೂನು ನೆರವು ಇದೆ. ಇದಕ್ಕಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯನ್ನು ಕಾಣಬಹುದು.

6. ಎಲ್ಲರನ್ನೂ "ನಿರಾಶ್ರಿತರು" ಎಂಬ ಒಂದೇ ಪಟ್ಟಿಗೆ ಸೇರಿಸಬಾರದು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳು 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಪೌರತ್ವದೊಂದಿಗೆ ಮರಳಿ ಬಂದವರು. ಅವರಿಗೆ ವೀಸಾದ ಪ್ರಶ್ನೆಯೇ ಇಲ್ಲ.

ಧರ್ಮಸಭೆಯ ಮಾತು

ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1952ರಲ್ಲಿ ಹೊರಡಿಸಿದ ಎಕ್ಸುಲ್ ಫಮೀಲಿಯ ಪತ್ರವು ಈಜಿಪ್ಟಿಗೆ ಓಡಿಹೋದ ನಜರೇತಿನ ಪವಿತ್ರ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮಾದರಿ ಎಂದು ಕಂಡಿತು. 1980ರಲ್ಲಿ ಫಾದರ್ ಪೇದ್ರೊ ಅರೂಪೆಯವರು ಜೆಸ್ವಿಟ್ ನಿರಾಶ್ರಿತರ ಸೇವಾ ಸಂಸ್ಥೆಯನ್ನು ಆರಂಭಿಸಿದರು. ಸ್ವಾಗತಿಸುವುದು, ರಕ್ಷಿಸುವುದು, ಬೆಳೆಸುವುದು, ಒಂದಾಗಿಸಿಕೊಳ್ಳುವುದು ಎಂಬ ನಾಲ್ಕು ಕ್ರಿಯೆಗಳನ್ನು ಪೋಪ್ ಫ್ರಾನ್ಸಿಸ್ ಅವರು 2018ರ ವಲಸಿಗರ ಮತ್ತು ನಿರಾಶ್ರಿತರ ದಿನದ ಸಂದೇಶದಲ್ಲಿ ನಮ್ಮ ಮುಂದಿಟ್ಟರು. ರಕ್ಷಿಸುವುದು ಎಂಬುದರಲ್ಲಿ ಕಾನೂನಿನ ದಾರಿ ತೋರಿಸುವುದೂ ಸೇರಿದೆ, ಸತ್ಯವನ್ನು ಕಾಯುವುದೂ ಸೇರಿದೆ.

ಆ ತಾಯಿಯೊಂದಿಗೆ ಕುಳಿತು ಪತ್ರವನ್ನು ಪೂರ್ತಿ ಓದಿದೆವು. ಟ್ರಿಬ್ಯೂನಲಿನ ತೀರ್ಮಾನದ ದಿನಾಂಕದಿಂದ 29 ದಿನ ಕಳೆದಿತ್ತು. ಉಳಿದ ಆರು ದಿನಗಳಲ್ಲಿ ಮಗನು ದಲ್ಲಾಳಿಯನ್ನು ಬಿಟ್ಟು ಒಬ್ಬ ವಕೀಲರನ್ನು ಕಂಡು, ತೀರ್ಮಾನದಲ್ಲಿ ನಿಜವಾಗಿ ಕಾನೂನಿನ ದೋಷ ಇದೆಯೇ ಎಂದು ಕೇಳಲಿ, ಇಲ್ಲವೆಂದರೆ ಸಾಲ ಮಾಡಿ ಕೋರ್ಟಿಗೆ ಹೋಗದೆ ಮನೆಗೆ ಬರಲಿ ಎಂದೆ. "ಬಂದರೆ ಜನ ಏನೆನ್ನುತ್ತಾರೆ ಫಾದರ್?" ಎಂದು ಅವರು ಕಣ್ಣೊರೆಸಿಕೊಂಡರು.

ಆ ಪ್ರಶ್ನೆಗೆ ಯಾವ ದೇಶದ ನ್ಯಾಯಾಲಯವೂ ಉತ್ತರ ಕೊಡಲಾರದು. ಉತ್ತರ ಕೊಡಬೇಕಾದವರು ನಾವು. ಸೋತು ಮರಳಿದ ಹುಡುಗನನ್ನು ನಮ್ಮ ವಾಳೆ ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದರ ಮೇಲೆ, ಮುಂದಿನ ಹುಡುಗ ದಲ್ಲಾಳಿಯ ಮಾತಿಗೆ ಬೀಳುತ್ತಾನೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ನಿಂತಿದೆ. ಶ್ರೀರಂಗಪಟ್ಟಣದಿಂದ ಬರಿಗೈಯಲ್ಲಿ ಮರಳಿದ ನಮ್ಮ ಹಿರಿಯರೂ ಇದೇ ಕರಾವಳಿಯಲ್ಲಿ ಮತ್ತೆ ಮನೆ ಕಟ್ಟಿಕೊಂಡರು. ಅವರ ಮಕ್ಕಳಾದ ನಾವು ಮರಳಿ ಬಂದವನಿಗೆ ಬಾಗಿಲು ತೆರೆಯೋಣ.